ಹೊಳಪಿಲ್ಲದ ಬೆನ್ನು

ಪಶ್ಚಿಮವಾಹಿನಿಯ ಮರಳಲ್ಲಿ ಸಿಕ್ಕದ್ದನ್ನು
ಜವನಮ್ಮತ್ತೆ ಹಾಗೇ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ.
ಜಗಲಿಯಲ್ಲಿ, ಮೊರದ ಮೇಲೆ, ಮೊದಲು ವಿಚಾರಣೆ.

ಕೆಟ್ಟ ರೇಡಿಯೋದ ಹೊಟ್ಟೆ ಬಗೆದು ತೆಗೆದ ಆಯಸ್ಕಾಂತವನ್ನು
ದಾರಕ್ಕೆ ಕಟ್ಟಿ ಇಳಿಬಿಡುತ್ತಾಳೆ.
ಪಿನ್ನು, ಮೊಳೆ, ಯಾವುದೋ ಪೆಟ್ಟಿಗೆಯ ಚಿಲಕ
ಓಡಿಬಂದು ಅಂಟುತ್ತವೆ.
"ಕರೆದ ಕೂಡ್ಲೆ ಬರೋದು ಚಿನ್ನ ಅಲ್ಲ ಕಣೆ."

ಮಿಕ್ಕಿದ್ದಕ್ಕೆ ವಿನೆಗರ್,
ಬಸ್‌ಸ್ಟ್ಯಾಂಡಿನ ಗೋಬಿ ಗಾಡಿಯವನನ್ನು ಕೇಳಿ ತಂದದ್ದು.
ರಾತ್ರಿಯಿಡೀ ನೆನೆದು ಬೆಳಗ್ಗೆ ಹಸಿರು ಕಕ್ಕಿದರೆ ಹಿತ್ತಾಳೆ.
ಆಮೇಲೆ, ಬಚ್ಚಲಿಗೆ ಹಾಕಿ ಉಳಿದ ಟೈಲ್ಸ್ ಚೂರು.
ಅದರ ಮುಖ ಅವಳಿಗೆ ಬೇಡ,
ಹೊಳಪಿಲ್ಲದ ಬೆನ್ನು ಬೇಕು.
ಎಳೆದಾಗ ಕಪ್ಪು ಗೆರೆ ಬಿದ್ದರೆ ಮೋಸ.
ಹಳದಿ ಗೆರೆ ಬಿದ್ದದ್ದು
ನಾನು ಈ ಮನೆಗೆ ಬಂದ ಏಳು ವರ್ಷದಲ್ಲಿ ನಾಲ್ಕು ಸಲ:
ತಾಳಿಗುಂಡು ಒಂದು,
ಮೂಗುಬಟ್ಟಿನ ತಿರುಪು ಎರಡು.

ನಾಲ್ಕನೆಯದು ಹಲ್ಲು.

ಹಲ್ಲಲ್ಲ, ಹಲ್ಲಿನ ಟೋಪಿ.
ಒಳಗೆ ಟೊಳ್ಳು, ಅಂಚಿಗೆ ಕೂತ ಬೂದಿ
ಉಜ್ಜಿದರೂ ಹೋಗಲಿಲ್ಲ.
ಎಲ್ಲವನ್ನೂ ಕೊನೆಗೊಮ್ಮೆ ದವಡೆಗಿಟ್ಟು ಕಚ್ಚಿ ನೋಡುವವಳು
ಇದನ್ನು ತುಟಿವರೆಗೆ ಒಯ್ದು ನಿಂತಳು,
ಬಾಯಿ ತೆರೆದೇ ಇತ್ತು.
"ಯಾರು ನಗ್ತಿದ್ರೋ ಇದನ್ನ ಹಾಕ್ಕೊಂಡು"
ಎಂದು ಸೆರಗಿನ ತುದಿಗೆ ಗಂಟು ಹಾಕಿದಳು.

ಮೈಸೂರು, ಅಶೋಕ ರಸ್ತೆ.
ಅಂಗಡಿಯವನು ಕನ್ನಡಕ ಹಣೆಗೇರಿಸಿದ.
ಅವನ ಹತ್ತಿರ ಕಪ್ಪು ಕಲ್ಲು, ಗಾಜಿನ ಬಿರಡೆಯ ಆಸಿಡ್ ಸೀಸೆ, ಕೂದಲೆಳೆಗೂ ತೂಗುವ ತಕ್ಕಡಿ.
ನಮ್ಮ ಬಚ್ಚಲ ಚೂರು ಹೇಳಿದ್ದನ್ನೇ
ಅವನ ಕಲ್ಲೂ ಹೇಳಿತು.
"ಯಾರದಮ್ಮ?"
ಅತ್ತೆ ರೆಪ್ಪೆ ಬಡಿಯಲಿಲ್ಲ.
"ನಮ್ಮಾವಂದು."

ಆ ಮಾವ ಹಲ್ಲಿಗೆ
ಇದ್ದಿಲು ಬಿಟ್ಟು ಬೇರೇನೂ ಕಾಣದೆ ಹೋದವರು.

ಬಂದ ದುಡ್ಡು ಸಿಲಿಂಡರಿಗೆ, ಹುಡುಗನ ಫೀಸಿಗೆ,
ಸಣ್ಣ ಕಣ್ಣಿನ ಇನ್ನೊಂದು ಜರಡಿಗೆ. ಮುಗಿಯಿತು.

ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ
ಎಲೆ ಒಂದು ಜಾಸ್ತಿ.
ಹೆಸರು ಹೇಳಿಕೊಂಡು ಎಣಿಸಿದೆ, ಮತ್ತೆ ಎಣಿಸಿದೆ.
ಕೊನೆಯ ಎಲೆಗೆ ಹೆಸರಿರಲಿಲ್ಲ.
ಚಕ್ಕುಲಿ ಬಡಿಸಹೋದವಳ ಕೈ ಹಿಡಿದಳು ಅತ್ತೆ.
"ಅದು ಬ್ಯಾಡ. ಅವರ ಒಂದು ಹಲ್ಲ ನಾವೇ ತಿಂದೀವಿ.
ಮುದ್ದೆ ಮಡಗು, ನುಂಗ್ಕಳ್ಳಿ."

ಮುದ್ದೆ ಇಟ್ಟೆ.
ಬೆರಳಲ್ಲಿ ಗುಳಿ ಮಾಡಿ ಸಾರು ಬಿಟ್ಟೆ,
ಮೂಳೆ ಬೀಳದ ಹಾಗೆ
ಸೌಟು ಓರೆ ಮಾಡಿ.