ಕೊನ್ನಾರಿಯ ಲೆಕ್ಕ

ಶಂಕರಪುರದಲ್ಲಿ ಬಿಸಿಲೇರುವ ಮೊದಲೇ ಬೇರು ಕೀಳಬೇಕು,
ತುದಿಯ ಕೋಶಗಳು ಒಡೆಯುತ್ತಿರುವಾಗಲೇ.
ಸೆವ್ರಿನ್ ಬಾಯಿ ಮೊಗ್ಗು ಕೊಯ್ಯುವುದೂ ಅದೇ ಹೊತ್ತಿಗೆ.
"ಎಂತ ಮಾರಾಯ್ತಿ, ಕಳೆಗೂ ಸಾರಾಯಿ ಕುಡಿಸ್ತೀಯ?"
ನನ್ನ ಸೀಸೆ ಮೂಸಿ ನಕ್ಕರು.

ಮಲ್ಲಿಗೆಯ ಬುಡದಲ್ಲಿ ಕೊನ್ನಾರಿ.
ಮೂರು ಮೂಲೆಯ ದಂಟು; ಹುಲ್ಲಲ್ಲ, ಹುಲ್ಲಿನ ವೇಷ.
ಕಿತ್ತರೆ ಗಡ್ಡೆ ಮಣ್ಣಲ್ಲೇ ಉಳಿದು
ಎಂಟು ದಿನಕ್ಕೆ ಮತ್ತೆ ಹಸಿರು ಸೂಜಿ.
ಮೂವತ್ತು ವರ್ಷ ಕಿತ್ತೂ ಕಿತ್ತೂ
ಬಾಯಿಗೂ ಅದಕ್ಕೂ ಈಗ ಒಂಥರಾ ಸಲುಗೆ.

ಉಡುಪಿಯ ಲ್ಯಾಬಿನಲ್ಲಿ, ಗಾಜಿನ ಮೇಲೆ,
ಹೆಬ್ಬೆರಳಿನಿಂದ ಒತ್ತಿದ ಬೇರಿನ ತುದಿ.
ವರ್ಣತಂತು. ತಂತು ಎಂಬುದು ದೊಡ್ಡ ಮಾತು,
ಗಸಗಸೆ ಚೆಲ್ಲಿದ ಹಾಗೆ.
ಎಣಿಸಿದೆ: ನೂರೆಂಟು.
ಪಕ್ಕದ ಗಿಡದ್ದು ನೂರನಾಲ್ಕು,
ಬಾವಿಕಟ್ಟೆಯ ಹತ್ತಿರದ್ದು ನೂರಹನ್ನೆರಡು.
ಶಶಿಪ್ರಭಾ ಮೇಡಂ ಕನ್ನಡಕ ತೆಗೆಯದೆ ಹೇಳಿದರು:
ಪುನಃ ಎಣಿಸು.
ನೂರೆಂಟು ಸಲ ಎಣಿಸಿದೆ ಎಂದರೆ ಸುಳ್ಳು. ಹದಿನಾಲ್ಕು ಸಲ.
ಕಣ್ಣಲ್ಲಿ ನೀರು, ಲೆನ್ಸಿನಲ್ಲಿ ಅದೇ ಉತ್ತರ.

ಮಲ್ಲಿಗೆಯಲ್ಲಿ, ನಿಮ್ಮಲ್ಲಿ, ನನ್ನಲ್ಲಿ
ತಂತುವಿಗೆ ಒಂದೇ ಹಿಡಿ,
ಕೊಡಪಾನದ ಕುತ್ತಿಗೆಗೆ ಬಿಗಿದ ಹಗ್ಗದಂತೆ.
ಕೋಶ ಎರಡಾಗುವಾಗ ಕದಿರಿನ ನೂಲು
ಅಲ್ಲಿಗೇ ಕೈಹಾಕಿ ಎಳೆಯಬೇಕು.
ಹಿಡಿಯಿಲ್ಲದ ತುಂಡು ನಡುದಾರಿಯಲ್ಲಿ ನಿಂತು
ಯಾವ ಮನೆಗೂ ಸೇರದೆ ಕರಗುತ್ತದೆ.
ಇದು ಪಾಠ.

ಬಾಯಿಯ ಜಗಲಿಯಲ್ಲಿ ನೆನೆಸಿಟ್ಟ ಬಾಳೆನಾರು.
ಮೊಗ್ಗಿಗೊಂದು ಗಂಟು, ಮೊಗ್ಗಿಗೊಂದು ಗಂಟು.
ಹನ್ನೊಂದರೊಳಗೆ ಕಟ್ಟೆಗೆ ಮುಟ್ಟಬೇಕು, ಇವತ್ತಿನ ರೇಟು ಹೇಗೋ.
ಮಾತಿನ ನಡುವೆ, ನೋಡದೆಯೇ,
ಒಂದು ಗೇಣು ಕತ್ತರಿಸಿ ನನ್ನ ಮಡಿಲಿಗೆ ಎಸೆದರು.
ಒಂದು ಹೂವೂ ಉದುರಲಿಲ್ಲ,
ಅದರಿಂದಲೂ, ಇದರಿಂದಲೂ.

ಹಾಗೆ, ಕೊನ್ನಾರಿಯ ತಂತುವಿಗೆ ಮೈಯೆಲ್ಲ ಹಿಡಿ.
ಮುರಿದರೆ, ಮುರಿದದ್ದೂ ಒಂದು ತಂತು.
ತುದಿಗೆ ತುದಿ ಅಂಟಿದರೆ ಪುನಃ ಒಂದು.
ಗದ್ದೆಯ ಜೇಕು, ಕೆರೆಯಂಚಿನ ಆಪು,
ಯಾವ ಕಾಲದಿಂದಲೋ ಕತ್ತರಿಸುತ್ತ, ಕಟ್ಟುತ್ತ
ಬಂದ ಒಕ್ಕಲು ಇದು.
ಏರಿಳಿದದ್ದು ಹೆಚ್ಚಾಗಿ ಎಣಿಕೆ,
ಸರಕು ಇದ್ದಷ್ಟೇ.

ಏನನ್ನೂ ಕಳೆದುಕೊಳ್ಳದ ಗಿಡ ಎಂದು ಬರೆಯಹೊರಟಿದ್ದೆ.
ಮೇಡಂ ಇನ್ನೊಂದು ಗಾಜು ಇಟ್ಟರು: ಪರಾಗ.
ನಾಲ್ಕು ಹುಟ್ಟುತ್ತವೆ. ಮೂರು
ಮೂಲೆಗೆ ಸರಿದು ಅಲ್ಲೇ ಸಾಯುತ್ತವೆ.
ಯಾಕೆ ಎಂದೆ.
"ಗೊತ್ತಿಲ್ಲ" ಎನ್ನುವಾಗ ಮಾತ್ರ
ಕನ್ನಡಕ ತೆಗೆದರು.

ಸೋಮವಾರ ಬಾಯಿ ಕೇಳಿದರು, "ಲೆಕ್ಕ ಸಿಕ್ಕಿತಾ?"
"ಗಿಡಕ್ಕೊಂದು ಲೆಕ್ಕ ಬಾಯಮ್ಮ."
"ಹಾಗಾದ್ರೆ ಒಂದನ್ನೂ ಬಿಡಬೇಡ, ಎಲ್ಲ ಎಣಿಸು"
ಎಂದು ಕೈಗೆ ಕಳೆಗುದ್ದಲಿ ಕೊಟ್ಟರು.