ಕಾರ್ಡು ಕಡಲಲ್ಲಿ

ಕಾರ್ಡು ಅವರ ಅಂಗಿಯ ಕಿಸೆಯಲ್ಲಿ,
ಅಂಗಿ ಬೋಟಿನಲ್ಲಿ,
ಬೋಟು ಎಲ್ಲಿ ಅಂತ ಕೇಳಬೇಡಿ.
ಮಲ್ಪೆ ಬಿಟ್ಟು ಇವತ್ತಿಗೆ ಆರು ದಿನ.

ಇಲ್ಲಿ ಒಣಸಿಗಡಿ ಪ್ಯಾಕು ಮಾಡುವ ಮೆಷಿನು
ಒಂಬತ್ತು ಸಾವಿರದ ನಾನೂರಕ್ಕೆ ಇಳಿದಿದೆ,
ರಾತ್ರಿ ಹನ್ನೆರಡರವರೆಗೆ ಮಾತ್ರ.
ಕಾರ್ಡೇ ಇಲ್ಲವಲ್ಲ ಮಾರಾಯ್ತಿ, ಅಂದೆ.
ಪಕ್ಕದ ಮನೆಯ ಮಿಥಾಲಿ ನಕ್ಕಳು:
ಕಾರ್ಡು ಯಾಕೆ ಚಿಕ್ಕಮ್ಮ, ನಂಬ್ರ ಇದ್ದರೆ ಸಾಕು.
ನಂಬ್ರ ನಿಮ್ಮ ಫೋನಿನಲ್ಲೇ ಉಂಟು.

ಬೆರಳಿಡಿ ಅಂತು ಫೋನು. ಇಟ್ಟೆ.
ಗುರ್ತ ಸಿಗಲಿಲ್ಲ ಅದಕ್ಕೆ.
ಮೂವತ್ತು ವರ್ಷ ಉಪ್ಪು ತಿಂದ ಹೆಬ್ಬೆರಳು,
ಗೆರೆ ಉಳಿದಿದ್ದರೆ ತಾನೆ!
ರೇಷನ್ ಅಂಗಡಿಯಲ್ಲೂ ಇದೇ ಕತೆ.
ಕೊನೆಗೆ ಮಿಥಾಲಿಗೆ ಆಚೆ ನೋಡಲು ಹೇಳಿ
ಆರಂಕಿ ಒತ್ತಿದೆ.

ಕಾರ್ಡಿನ ಚಿತ್ರ ಬಂತು, ನೀಲಿ.
ಹನ್ನೆರಡು ಚುಕ್ಕಿ, ಆಮೇಲೆ ನಾಲ್ಕು ಅಂಕಿ:
ಬುಟ್ಟಿಗೆ ಗೋಣಿ ಮುಚ್ಚಿ
ಬಾಲ ಮಾತ್ರ ಹೊರಗೆ ಬಿಟ್ಟ ಅಂಜಲು.
ಪಕ್ಕದಲ್ಲೊಂದು ಕಣ್ಣು. ಕಣ್ಣನ್ನು ಒತ್ತಿದೆ.
ಗೋಣಿ ಸರಿಯಿತು.

ಹದಿನಾರೂ ಅಂಕಿ. ಅದರಡಿಯಲ್ಲಿ
ಜಲಜಾಕ್ಷಿ ಎನ್. ತಿಂಗಳಾಯ.

ನನ್ನ ಹೆಸರಿಗೇ ಕೊಟ್ಟದ್ದು, ಗೊತ್ತಿತ್ತು.
ಪೋಸ್ಟು ಬಂದ ದಿನ ಲಕೋಟೆ ಹರಿದದ್ದು ಅವರು,
ಕಿಸೆಗೆ ಹಾಕಿದ್ದೂ ಅವರು.
ಎರಡೂವರೆ ವರ್ಷದಲ್ಲಿ ನಾನದನ್ನು ಮುಟ್ಟಿದ್ದು ಒಮ್ಮೆ,
ಅಂಗಿ ಒಗೆಯುವಾಗ.

ಆದರೆ ಮೆಸೇಜು ಬರುವುದು ನನಗೆ.
ಕಡಲಲ್ಲಿ ರೇಂಜಿಲ್ಲ ಅಂತ ನನ್ನ ನಂಬ್ರ ಬರೆಸಿದ್ದರಲ್ಲ.
ಮೀನು ಕತ್ತರಿಸುತ್ತಿದ್ದರೆ ಸೊಂಟದಲ್ಲಿ ಗುರ್ ಅನ್ನುತ್ತದೆ:
ಕಾರವಾರ, ಡೀಸೆಲು.
ವಾಸ್ಕೋ, ಬಲೆಯ ಹಗ್ಗ.
ರತ್ನಾಗಿರಿ, ಎಂತದೋ ಬಾರು,
ಸಾವಿರದ ನೂರ ಹತ್ತು.
ಬಂದ ಮೇಲೆ ನಾನು ಕೇಳುವುದಿಲ್ಲ,
ಅವರು ಹೇಳುವುದೂ ಇಲ್ಲ.
ಖರ್ಚಾಯಿತು ಅಂದರೆ ಕೈ ಉಂಟು,
ಕೈ ಉಂಟು ಅಂದರೆ ಜನ ಉಂಟು.
ಎಷ್ಟೋ ಸಲ ಬೈದುಕೊಂಡೇ
ದೇವರಿಗೆ ದೀಪ ಹಚ್ಚಿದ್ದೇನೆ.

ಈ ಸಲ ಆರು ದಿನದಿಂದ ಫೋನು ಸುಮ್ಮನಿದೆ.

ಅಂಕಿ ಕಾಣುವುದು ಒಂದೇ ನಿಮಿಷವಂತೆ,
ಮೂಲೆಯಲ್ಲಿ ಸೆಕೆಂಡು ಇಳಿಯುತ್ತಿತ್ತು.
ಎಲ್ಲಿಯೂ ಬರೆದಿಡಬೇಡಿ, ಅಂದಳು ಮಿಥಾಲಿ.
ಬರೆಯುವ ಅಭ್ಯಾಸ ಯಾರಿಗೆ?
ದಕ್ಕೆಯಲ್ಲಿ ಏಲಂ ಕೂಗುವಾಗ
ಕಾಗದ ಹುಡುಕಿದವಳಿಗೆ ಬೂತಾಯಿ ಸಿಕ್ಕುತ್ತದಾ?
ನಾಲ್ಕು ನಾಲ್ಕಾಗಿ ಕಟ್ಟಿಕೊಂಡೆ.
ಮೊದಲಿನದು ಐಸ್ ಪ್ಲಾಂಟಿನ ಹಳೆ ಬಾಕಿ,
ಎರಡನೆಯದು ಮಣಿಪಾಲದ ಬಸ್ಸಿನ ನಂಬ್ರ,
ಮೂರನೆಯದು ತಿರುಗಿಸಿ ಓದಿದರೆ
ಅತ್ತೆ ತೀರಿಕೊಂಡ ವರ್ಷ.
ಕೊನೆಯದು ಯಾವುದಕ್ಕೂ ತಾಗಲಿಲ್ಲ,
ಹಾಗೇ ನುಂಗಿದೆ.

ಕೆಳಗೆ ಇನ್ನೊಂದು ಗುಂಡಿ ಇತ್ತು:
ಕಾರ್ಡು ತಾತ್ಕಾಲಿಕವಾಗಿ ಬಂದ್ ಮಾಡಿ.
ಅಷ್ಟು ಸುಲಭವಾ?
ಇಲ್ಲಿ ಕುಸುಬಲಕ್ಕಿ ಗಂಜಿಯ ಮುಂದೆ ಕೂತು ಒತ್ತಿದರೆ
ಅಲ್ಲಿ ರತ್ನಾಗಿರಿಯಲ್ಲಿ ಬಾರಿನವನು ತಲೆ ಅಲ್ಲಾಡಿಸುತ್ತಾನೆ.
ಡೀಸೆಲಿನವನೂ ಅಲ್ಲಾಡಿಸುತ್ತಾನೆ.
ಬೆರಳು ಅದರ ಮೇಲೆ ಸ್ವಲ್ಪ ಹೊತ್ತು ನಿಂತದ್ದು ಹೌದು,
ಸುಳ್ಳು ಯಾಕೆ ಹೇಳಲಿ.

ಮತ್ತೆ ಮೆಷಿನಿನ ಕಡೆಗೆ ಹೋದೆ.
ನಂಬ್ರ ಹಾಕಿದೆ, ಬಾಯಿಪಾಠ.
ಹಿಂದಿನ ಮೂರಂಕಿಯನ್ನೂ.
ಒಟಿಪಿ ಬಂತು. ನನಗೇ ಬಂತು.
ಯಾರಲ್ಲೂ ಕೇಳಲಿಕ್ಕಿರಲಿಲ್ಲ.

ಹನ್ನೊಂದು ಮುಕ್ಕಾಲು. ಮಿಥಾಲಿ ಆಕಳಿಸುತ್ತ ಮನೆಗೆ ಹೋದಳು.
ಗೋಣಿ ತಾನಾಗಿ ಮುಚ್ಚಿಕೊಂಡಿತ್ತು,
ಬಾಲ ಮಾತ್ರ ಹೊರಗೆ.
ಫೋನನ್ನು ದಿಂಬಿನಡಿಗೆ ಇಟ್ಟೆ,
ಗುರ್ ಅಂದರೆ ಗೊತ್ತಾಗಲಿ ಅಂತ.
ಮಿತಿಯಲ್ಲಿ ಇನ್ನೂ ಹದಿನೆಂಟು ಸಾವಿರ ಉಂಟು.
ಡೀಸೆಲಿಗೆ, ಐಸಿಗೆ,
ಬೇಕಾದರೆ ಬಾರಿಗೂ.

ಖರ್ಚು ಮಾಡಲಿ.