ಸುಪರ್ದಿ

ಈ ಶಬ್ದ ನನಗೆ ಮೊದಲೇ ಗೊತ್ತಿತ್ತು.
ಬೈತಖೋಲ್ ಬಂದರಿನಲ್ಲಿ ಸಾಹುಕಾರರ ಬೋಟು ಹಿಡಿದು ಕಟ್ಟಿದ ವರ್ಷ,
ಲೈಟ್ ಹಾಕಿ ಮೀನು ಹಿಡಿದ ಕೇಸು.
ಎಂಜಿನ್ ಬಲ್ಲವನೆಂದು ನನ್ನನ್ನೇ ಕಳಿಸಿದರು,
ಸಹಿ ಹಾಕಿ ಬಿಡಿಸಿ ತಂದೆ.
ಕಾಗದದಲ್ಲಿತ್ತು:
ಕರೆದಾಗ, ಪಡೆದ ಸ್ಥಿತಿಯಲ್ಲೇ, ಹಾಜರುಪಡಿಸತಕ್ಕದ್ದು.
ಎರಡು ತಿಂಗಳು ದಿನಾ ಹೋಗಿ
ತಳದ ನೀರು ಚೆಲ್ಲಿ ಬಂದೆ.
ಬೋಟು ಬೆಳೆಯುವುದಿಲ್ಲ; ಸುಲಭ.

ಈಗ ಅದೇ ಶಬ್ದ, ಅದೇ ಕೋರ್ಟು.
ನೋಂದಣಿ ಸಂಖ್ಯೆ ಇರುತ್ತಿದ್ದಲ್ಲಿ
ಪ್ರಣಾಲಿ, ವಯಸ್ಸು ಏಳು.

ವಕೀಲ ತಳೇಕರರು ಸಿಗಡಿ ಸುಲಿದ ಹಾಗೆ ಬಿಡಿಸಿ ಹೇಳಿದರು:
ಉಣ್ಣುವುದು, ಮಲಗುವುದು, ಶಾಲೆ, ಅದು ತಾಯಿಯ ಹತ್ತಿರ, ಕುಮಟೆಯಲ್ಲಿ.
ಆಪರೇಷನ್ನು, ಪಾಸ್‌ಪೋರ್ಟು, ಶಾಲೆ ಬದಲಿಸುವುದು, ಅದಕ್ಕೆ ಇಬ್ಬರ ಸಹಿ; ಅದು ಬೇರೆ ಬಗೆ.
ನಿಮಗೆ ಭೇಟಿ. ಎರಡನೇ, ನಾಲ್ಕನೇ ಶನಿವಾರ, ಒಂದು ರಾತ್ರಿ ಸಹಿತ.
"ಜಂಟಿ ಅಂದರೆ ಮಗು ಅರ್ಧರ್ಧ ಅಲ್ಲ ಮಾರಾಯ್ರೇ."
ಹಾಗಾದರೆ ಮಗು ಯಾರದು, ಅಂದೆ.
ಫೈಲಿನ ದಾರ ಬಿಗಿಯುತ್ತ
"ನ್ಯಾಯಾಲಯಕ್ಕೆ ಮಗುವಿನ ಹಿತ ಮುಖ್ಯ" ಅಂದರು.
ನಾನು ಕೇಳಿದ್ದು ಅದಲ್ಲ.

ಅಂಕೋಲೆ ಬಸ್‌ಸ್ಟ್ಯಾಂಡು ಇಬ್ಬರಿಗೂ ಅರ್ಧ ದಾರಿ.
ಸುಚೇತಾ ಚೀಲ ಕೊಡುತ್ತಾಳೆ: ಹೋಮ್‌ವರ್ಕು, ಕೆಮ್ಮಿನ ಔಷಧ, ಒಂದೇ ಕಾಲಿನ ಗೊಂಬೆ.
ನನ್ನ ಮುಖ ನೋಡದೆ ಹೇಳುತ್ತಾಳೆ,
"ಏಡಿ ಕೊಡಬೇಡ, ಮೈ ತುರಿಸತ್ತೆ."
ನನಗೆ ಗೊತ್ತಿರಲಿಲ್ಲ.
ಹದಿನೈದು ದಿನದ ಹಿಂದೆ ತಿಂದಿದ್ದಳಲ್ಲ.

ಭಾನುವಾರ ಬೆಳಿಗ್ಗೆ ಕೋಡಿಬಾಗದ ಮನೆಯಲ್ಲಿ
ದೋಸೆ ಕಚ್ಚಿದವಳ ಹಲ್ಲು ತಟ್ಟೆಗೆ ಬಿತ್ತು.
ಮಾಡಿಗೆ ಎಸೆಯೋಣ ಅಂದೆ.
ಬೇಡವಂತೆ, ಆಯಿಗೆ ತೋರಿಸಬೇಕಂತೆ.
ಆಮೇಲೆ ನನ್ನನ್ನು ನೋಡಿ,
"ಇಲ್ಲೇ ಬಿದ್ದದ್ದಲ್ವಾ ಪಪ್ಪಾ, ಇಲ್ಲೇ ಇರಲಿ."
ಇಂಥ ಮಾತನ್ನು ಏಳು ವರ್ಷಕ್ಕೆ
ಯಾರು ಕಲಿಸಿದರು? ನಾವೇ.

ಸಂಜೆ ಐದು. ಮತ್ತೆ ಅಂಕೋಲೆ.
ಪಡೆದ ಸ್ಥಿತಿಯಲ್ಲಿಲ್ಲ, ಒಂದು ಹಲ್ಲು ಕಡಿಮೆ.
ಸುಚೇತಾ ಗಲ್ಲ ಹಿಡಿದು ಬಾಯೊಳಗೆ ನೋಡಿದಳು,
ಬೋಟು ತಪಾಸಣೆಗೆ ಬಂದ ಇಲಾಖೆಯವರ ಹಾಗೆ
ಅಂದುಕೊಂಡೆ.
ಅಲ್ಲ. "ನಾನಿರಲಿಲ್ಲ" ಅಂದಳು, ಅಷ್ಟೇ.
ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದು ಚಾಚಿದೆ.
ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದಳು,
ವಾಪಸು ಕೊಟ್ಟಳು.

ಬಸ್ಸು ಹಿಂದೆ ಸರಿಯುತ್ತಿದೆ, ಕಂಡಕ್ಟರನ ಸೀಟಿ.
ಕಿಟಕಿಯಲ್ಲಿ ಪ್ರಣಾಲಿ
ಕೈಬೀಸುವುದನ್ನು ಮರೆತು
ನಾಲಿಗೆಯಿಂದ ಪಕ್ಕದ ಹಲ್ಲನ್ನು ದೂಡುತ್ತಿದ್ದಾಳೆ.
ಅದು ಯಾವ ವಾರ ಬೀಳಬೇಕೆಂದು
ಆದೇಶದ ಆರೂ ಪುಟದಲ್ಲಿ ಇಲ್ಲ.